ಗೋಡೋ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಆಟ ಕಟ್ಟುವ ಎಂಜಿನ್‌ಗಳಲ್ಲಿ ಗೋಡೋ ಹೊಸಬರಿಗೆ ಬೇಗ ಒಗ್ಗುವಂಥದ್ದು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮನ್ಸೂರ್ ರೂಪಿಸಿದ ಈ ತಂತ್ರಾಂಶ 2014ರಲ್ಲಿ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಯಿತು. ದುಡ್ಡು ಕೊಡಬೇಕಿಲ್ಲ, ಫೈಲನ್ನು ಇಳಿಸಿಕೊಂಡು, ಬಿಚ್ಚಿ, ನಡೆಸಿದರೆ ಆಯಿತು. ಕಲಿಸುವ ಸಾಮಗ್ರಿಗೂ ಬರವಿಲ್ಲ. ಹೊಸಬರು ಎಡವುವುದು ಹಳೆಯ ಪಾಠಗಳಲ್ಲಿ.

2023ರ ಮಾರ್ಚ್‌ನಲ್ಲಿ ಗೋಡೋ 4 ಬಂದಾಗ ಎಷ್ಟೋ ಹೆಸರುಗಳು ಬದಲಾದವು. ಹಿಂದಿನ ‘ಕೈನೆಮ್ಯಾಟಿಕ್‌ಬಾಡಿ2ಡಿ’ ಈಗ ‘ಕ್ಯಾರೆಕ್ಟರ್‌ಬಾಡಿ2ಡಿ’. ಪಾತ್ರವನ್ನು ಓಡಾಡಿಸುವ ‘ಮೂವ್ ಅಂಡ್ ಸ್ಲೈಡ್’ ಬರೆಯುವಾಗ ಮೊದಲು ಆವರಣದೊಳಗೆ ವೇಗವನ್ನು ಕೊಡಬೇಕಿತ್ತು; ಈಗ ಪಾತ್ರದ ‘ವೆಲಾಸಿಟಿ’ಯಲ್ಲೇ ವೇಗವನ್ನಿಟ್ಟು ಆವರಣವನ್ನು ಖಾಲಿ ಬಿಡಬೇಕು. 2020ರ ವಿಡಿಯೊ ನೋಡಿಕೊಂಡು ಸಾಲುಸಾಲಾಗಿ ಟೈಪ್ ಮಾಡಿದವರಿಗೆ ಎರರ್ ಬರುತ್ತದೆ. ತಮ್ಮದೇ ತಪ್ಪೆಂದುಕೊಂಡು ಅಲ್ಲಿಗೇ ಕೈಬಿಡುವ ಹುಡುಗ ಹುಡುಗಿಯರನ್ನು ಕಂಡರೆ ಸಂಕಟವಾಗುತ್ತದೆ. ಯಾವ ಪಾಠವೇ ಇರಲಿ, ಮೊದಲು ಆವೃತ್ತಿಯ ಸಂಖ್ಯೆ ನೋಡಿ.

ನಾನು ಯಾರಿಗೇ ಆದರೂ ಮೊದಲು ಹೇಳುವುದು ಗೋಡೋದ ಅಧಿಕೃತ ಕೈಪಿಡಿಯಲ್ಲಿರುವ ‘ಡಾಡ್ಜ್ ದ ಕ್ರೀಪ್ಸ್’ ಪಾಠವನ್ನು. ಪರದೆಯ ಅಂಚುಗಳಿಂದ ನುಗ್ಗುವ ಜೀವಿಗಳಿಂದ ತಪ್ಪಿಸಿಕೊಳ್ಳುವ ಪುಟ್ಟ ಆಟವದು. ಬೇಕಾದ ಚಿತ್ರ, ಸದ್ದುಗಳನ್ನೂ ಅವರೇ ಕೊಡುತ್ತಾರೆ. ಅದರಲ್ಲೊಂದು ಕಡೆ ಆಟಗಾರನ ಚಲನೆಯನ್ನು ‘ನಾರ್ಮಲೈಸ್’ ಮಾಡುವ ಸಾಲಿದೆ. ಬಲಕ್ಕೊಂದು, ಕೆಳಕ್ಕೊಂದು ಕೀಲಿಯನ್ನು ಒಟ್ಟಿಗೆ ಒತ್ತಿದರೆ ಪಾತ್ರ ಓರೆಯಾಗಿ ಸಾಗುತ್ತದೆ. ಆ ಸಾಲು ಇಲ್ಲದಿದ್ದರೆ ಆಗ ಅದರ ವೇಗ ಸುಮಾರು 1.4 ಪಟ್ಟು ಆಗಿಬಿಡುತ್ತದೆ; ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಇದಕ್ಕೆ ಕಾರಣ. ಆ ಸಾಲನ್ನು ತೆಗೆದು ಆಡಿ ನೋಡಿ, ಮತ್ತೆ ಸೇರಿಸಿ ಆಡಿ ನೋಡಿ. ಗಣಿತ ಬೆರಳ ತುದಿಗೆ ಗೊತ್ತಾಗುತ್ತದೆ.

ಪ್ರೋಗ್ರಾಮಿಂಗನ್ನೇ ಅರಿಯದವರು ಅದಕ್ಕೂ ಮೊದಲು ಜಿಡಿಕ್ವೆಸ್ಟ್ ತಂಡದ ‘ಲರ್ನ್ ಜಿಡಿಸ್ಕ್ರಿಪ್ಟ್ ಫ್ರಮ್ ಝೀರೊ’ ಹಿಡಿಯಬಹುದು. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಒಳ್ಳೆಯ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಡಿಯೊಗಿಂತ ಬರಹವೇ ಅನುಕೂಲ: ನಿಂತು, ನಿಘಂಟು ತೆರೆದು, ಮತ್ತೆ ಓದಬಹುದು.

ಇಂಟರ್‌ನೆಟ್ ಕೈಕೊಟ್ಟರೂ ದಾರಿಯಿದೆ. ಗೋಡೋದೊಳಗೆ ಎಫ್1 ಒತ್ತಿದರೆ ಸಹಾಯಪುಟಗಳ ಹುಡುಕಾಟ ತೆರೆಯುತ್ತದೆ. ಕೋಡಿನಲ್ಲಿರುವ ಹೆಸರಿನ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಅದರ ವಿವರಣೆಯೇ ಬರುತ್ತದೆ. ಆ ವಿವರಣೆ ನಿಮ್ಮಲ್ಲಿರುವ ಆವೃತ್ತಿಯದೇ ಆದ್ದರಿಂದ ಹಳೆಯದೆಂಬ ಅನುಮಾನ ಬೇಡ.

ಮೊದಲ ಆಟ ಓಡಿದ ಮೇಲೆ ಕೂಡಲೇ ಇನ್ನೊಂದು ಪಾಠಕ್ಕೆ ಹಾರಬೇಡಿ. ಶತ್ರುಗಳ ವೇಗ ಬದಲಿಸಿ, ಮೂರು ಜೀವ ಕೊಡಿ, ಚಿತ್ರಗಳನ್ನು ಬದಲಾಯಿಸಿ. ಕೆನ್ನಿ ತಾಣದಲ್ಲಿ ಸಾವಿರಾರು ಆಟದ ಚಿತ್ರಗಳು ಸಿಸಿ0 ಪರವಾನಗಿಯಲ್ಲಿ ಸಿಗುತ್ತವೆ. ಮಾರುವ ಆಟದಲ್ಲೂ ಅವನ್ನು ಬಳಸಲು ಅಡ್ಡಿಯಿಲ್ಲ.