ಹಸಿವು ಎಂದು ಹುಡುಕಿದರೆ ಸಿಗದ ಹಸಿವು

ಮಾಟುಂಗದ ಆ ಮನೆಯಲ್ಲಿ ರೆಕಾರ್ಡರ್ ಇಟ್ಟು ಕೂತಿದ್ದೆ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿ ಹೋಟೆಲು ಸೇರಿದ್ದ ಹಿರಿಯರು ರಾತ್ರಿ ಶಾಲೆಯ ದಿನಗಳನ್ನು ನೆನೆಯುತ್ತಿದ್ದರು. "ಮುಂದಿನ ಬೆಂಚಲ್ಲಿ ಕೂರ್ತಿರಲಿಲ್ಲ ಮಾರಾಯ್ರೇ. ಹೊಟ್ಟೆ ಗುರುಗುಟ್ಟಿದ್ರೆ ಮಾಸ್ತರರಿಗೆ ಕೇಳಿಸ್ತದಲ್ಲ!" ಇಬ್ಬರೂ ಜೋರಾಗಿ ನಕ್ಕೆವು.

ಆ ನಗು ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಕೆಡಿಸಿತ್ತೆಂದು ಗೊತ್ತಾಗಿದ್ದು ವರ್ಷದ ನಂತರ.

ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಬದುಕಿದ ಕನ್ನಡಿಗರ ಸಂದರ್ಶನಗಳು ನನ್ನ ಸಂಶೋಧನೆಯ ಸಾಮಗ್ರಿ. ಬರಹಕ್ಕಿಳಿಸಿದಾಗ ಆರುನೂರು ಪುಟ ದಾಟಿತು. ಹಿಂದಿನವರು ಇಂಥದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ವಿಷಯವಾರು ಲಕೋಟೆಗಳಲ್ಲಿ ತುಂಬಿಡುತ್ತಿದ್ದರಂತೆ. ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಲಿನ್ ರಿಚರ್ಡ್ಸ್ ಮತ್ತು ಅವರ ಪತಿ ಟಾಮ್ ರಿಚರ್ಡ್ಸ್ 1980ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ಕಂಪ್ಯೂಟರ್ ಹಚ್ಚಿದರು. ಇಂದಿನ ಎನ್‌ವಿವೊ ಅದರ ಮುಂದಿನ ಪೀಳಿಗೆ. ಜರ್ಮನಿಯಿಂದ ಮ್ಯಾಕ್ಸ್‌ಕ್ಯೂಡಿಎ, ಅಟ್ಲಾಸ್.ಟಿಐ ಬಂದವು. ದುಡ್ಡಿಲ್ಲದವರಿಗೆ ಕ್ವಾಲ್‌ಕೋಡರ್, ಟ್ಯಾಗೆಟ್‌ನಂಥ ಉಚಿತ ತಂತ್ರಾಂಶಗಳೂ ಇವೆ.

ಎಲ್ಲದರ ಮೂಲಪಾಠ ಒಂದೇ. ಒಂದು ಸಾಲನ್ನೋ ಪ್ಯಾರಾವನ್ನೋ ಆಯ್ದುಕೊಂಡು ಅದಕ್ಕೊಂದು ಹೆಸರು ಅಂಟಿಸುವುದು. ಆ ಹೆಸರೇ ಕೋಡ್. ಒಂದೇ ಸಾಲಿಗೆ ಎರಡು ಮೂರು ಕೋಡ್ ಇದ್ದರೂ ಅಡ್ಡಿಯಿಲ್ಲ. ಆಮೇಲೆ ಒಂದು ಕೋಡ್ ಒತ್ತಿದರೆ ಅದರಡಿಯ ತುಣುಕುಗಳೆಲ್ಲ ಎಲ್ಲ ಸಂದರ್ಶನಗಳಿಂದ ಎದ್ದು ಬಂದು ಸಾಲಾಗಿ ನಿಲ್ಲುತ್ತವೆ. ಎರಡು ಕೋಡ್‌ಗಳು ಒಂದರ ಮೇಲೊಂದು ಬಿದ್ದ ಜಾಗವನ್ನೂ ಕೇಳಬಹುದು.

ಬರೀ ಪದ ಹುಡುಕಿದರೆ ಸಾಲದೇ ಎಂದರೆ, ಕನ್ನಡದಲ್ಲಿ ಸಾಲದು. ಡಿಟಿಪಿಯವರು ಟೈಪಿಸಿಕೊಟ್ಟ ನಾಲ್ಕು ಸಂದರ್ಶನ ಹಳೆಯ ನುಡಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಾಯಿಸುವ ತನಕ 'ಶಾಲೆ' ಎಂದರೆ ಅವು ತುಟಿ ಬಿಚ್ಚಲಿಲ್ಲ. ಬಿಚ್ಚಿದ ಮೇಲೂ ಒಬ್ಬರದು ಶಾಲೆ, ಇನ್ನೊಬ್ಬರದು ಸಾಲಿ, ಮತ್ತೊಬ್ಬರದು ಇಸ್ಕೂಲು. ಹಸಿವಿನ ಕಥೆ ಇನ್ನೂ ಕಷ್ಟ. ತುಳುವಿನಲ್ಲಿ ಅದು 'ಬಡವು'. ನಡುನಡುವೆ ತುಳು ಬೆರೆಸುವವರ ಮಾತಿನಲ್ಲಿ 'ಹಸಿವು' ಹುಡುಕಿದರೆ ಎಲ್ಲಿಂದ ಸಿಗಬೇಕು? ಅದಕ್ಕೇ ಕೋಡ್ ಬೇಕು, ಅದಕ್ಕೇ ನಾನು ಅದನ್ನು ನಂಬಿದ್ದೆ.

'ರಾತ್ರಿ ಶಾಲೆ' ಮತ್ತು 'ಹಸಿವು' ಎರಡೂ ಕೂಡುವ ತುಣುಕುಗಳನ್ನು ಕೇಳಿದೆ. ಉತ್ತರ: ಸೊನ್ನೆ.

ಸೊನ್ನೆ ನನಗೆ ಹಿಡಿಸಿತು. ಶಾಲೆಯ ನೆನಪುಗಳಲ್ಲಿ ಹಸಿವು ಇಲ್ಲ, ಅಕ್ಷರವೇ ಅವರನ್ನು ಹಸಿವು ಮರೆಸಿತ್ತು ಎಂದು ಚೆಂದದ ವಾಕ್ಯ ಬರೆದು ಮಾರ್ಗದರ್ಶಕರಿಗೆ ಕಳಿಸಿಬಿಟ್ಟೆ. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಓದಿದ್ದೂ ಅದನ್ನೇ ಅಲ್ಲವೆ?

ಒಂದು ಸಂಜೆ ದಾದರ್‌ನಲ್ಲಿ ಲೋಕಲ್‌ಗೆ ಕಾಯುವಾಗ ಹೊಟ್ಟೆ ಗುರುಗುಟ್ಟಿತು. ಮಾಟುಂಗದ ಮಾತು ನೆನಪಾಯಿತು. ಅದೆಲ್ಲಿ ಹೋಯಿತು? ಮನೆಗೆ ಬಂದು ತೆರೆದು ನೋಡಿದೆ. ಆ ಸಾಲಿಗೆ 'ರಾತ್ರಿ ಶಾಲೆ' ಇತ್ತು. ಪಕ್ಕದಲ್ಲಿ ನಾನೇ ಅಂಟಿಸಿದ ಇನ್ನೊಂದು ಕೋಡ್: 'ಹಾಸ್ಯ'.

ನಾನು ನಕ್ಕಿದ್ದೆ, ಹಾಗಾಗಿ ಅದು ಹಾಸ್ಯ. ಈಗ 'ರಾತ್ರಿ ಶಾಲೆ'ಯ ಜೊತೆ 'ಹಾಸ್ಯ' ಕೂಡಿಸಿ ಕೇಳಿದೆ. ಹದಿನಾಲ್ಕು ತುಣುಕು ಬಂದವು. ಒಂಬತ್ತು ಹೊಟ್ಟೆಯ ವಿಷಯ! ಪಾಟಿಯನ್ನು ದೋಸೆ ಕಾವಲಿಗೆ ಹೋಲಿಸಿದವರು, ಲೆಕ್ಕದ ಮಾಸ್ತರರು ಇಡ್ಲಿಯ ಉದಾಹರಣೆ ಕೊಟ್ಟರೆಂದು ಸಿಟ್ಟಾದವರು. ದಿನವಿಡೀ ಬೇರೆಯವರಿಗೆ ಬಡಿಸಿದ ಹುಡುಗರಿಗೆ ತಮ್ಮ ಊಟ ಸಿಗುತ್ತಿದ್ದುದು ಹೋಟೆಲು ಮುಚ್ಚಿದ ಮೇಲೆ. ಶಾಲೆ ಅದಕ್ಕೂ ಮೊದಲು.

ಇನ್ನೊಂದು ತಪ್ಪೂ ಇತ್ತು. 'ಹಸಿವು' ಅಂಟಿಸುವಾಗ ನಾನು ಒಂದೊಂದೇ ಸಾಲು ಆಯ್ದಿದ್ದೆ, ಶಾಲೆಯ ಮಾತು ಅದರ ಮುಂದಿನ ಪ್ಯಾರಾದಲ್ಲಿರುತ್ತಿತ್ತು. ಒಂದರ ಮೇಲೊಂದು ಬೀಳದಿದ್ದರೆ ತಂತ್ರಾಂಶದ ಪಾಲಿಗೆ ಅವು ಕೂಡಿಲ್ಲ. 'ಒಂದು ಪ್ಯಾರಾದಷ್ಟು ಹತ್ತಿರ' ಎಂದು ಕೇಳಿದಾಗ ಇನ್ನೂ ಆರು ಸಿಕ್ಕವು. ತಂತ್ರಾಂಶದ್ದೇನೂ ತಪ್ಪಿಲ್ಲ, ಪಾಪ. ಅದು ಸಂದರ್ಶನ ಓದಿರಲಿಲ್ಲ. ನಾನು ಎಲ್ಲಿ ಬೆರಳಿಟ್ಟೆ ಎಂಬುದನ್ನಷ್ಟೇ ನೆನಪಿಟ್ಟಿತ್ತು.

ಅಧ್ಯಾಯ ಹಿಂದಕ್ಕೆ ಕೇಳಿದೆ. ಮಾರ್ಗದರ್ಶಕರು ಹುಬ್ಬೇರಿಸಿದರು, ನನಗೆ ಮೂರು ತಿಂಗಳು ಹೋಯಿತು. ಆರುನೂರು ಪುಟ ಮೊದಲಿಂದ ಓದಿದೆ, ಈ ಸಲ ನಕ್ಕ ಕಡೆಯಲ್ಲೆಲ್ಲ ನಿಂತು.

ಹೊಸ ಕರಡು ಹಿಡಿದು ಮಾಟುಂಗಕ್ಕೆ ಹೋದೆ. ತಮ್ಮ ಸಾಲನ್ನು ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ಸರಿ ಉಂಟು," ಎಂದರು. ಆಮೇಲೆ ಒಳಗೆ ಕೂಗಿ ಹೇಳಿದರು, "ಇವರಿಗೆ ಮೊದಲು ತಿಂಡಿ ಕೊಡು. ಮಾತು ಆಮೇಲೆ."