ಎಲೆಯೇ ವಾದ್ಯವಾದಾಗ

ಹೊತ್ತು ಮುಳುಗಿ, ಯಾದಗಿರಿ ಜಿಲ್ಲೆಯ ಕಕ್ಕೇರಾದ ತೊಗರಿ ಹೊಲಗಳ ಬದುಗಳಲ್ಲಿ ಗಾಳಿ ತಣ್ಣಗಾಗುವ ವೇಳೆಗೆ ಪೊದೆಪೊದೆಯಿಂದಲೂ ಹೊಮ್ಮುವ ಚಿಮ್ಮಂಡೆಗಳ ಝೇಂಕಾರವನ್ನು ಆಲಿಸುವ ನಾವು, ಆ ನಾದವೆಲ್ಲ ಕೀಟದ ದೇಹದಿಂದಲೇ ಹುಟ್ಟುವುದೆಂದೂ, ಗಿಡವು ಅದಕ್ಕೆ ಕುಳಿತುಕೊಳ್ಳುವ ಪೀಠಮಾತ್ರವೆಂದೂ ಭಾವಿಸುವುದು ಸಹಜ. ಆದರೆ ಆಶ್ರಯವಿತ್ತ ಗಿಡದ ಎಲೆಯೇ ವಾದ್ಯದ ಅಂಗವಾಗುವ ಸೋಜಿಗವೂ ಉಂಟು. ಅದರ ನಿದರ್ಶನ ನಮ್ಮ ನಾಡಿನಲ್ಲಿಯೇ, ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಗ್ರಾಮದ ಸುತ್ತಣ ಕುರುಚಲು ಬಯಲಿನಲ್ಲಿ ದೊರೆಯುತ್ತದೆ.

ಅಲ್ಲಿ ಅಮೆರಿಕದ ಉಷ್ಣವಲಯದಿಂದ ಬಂದು ನೆಲೆಯೂರಿದ, ತುಳಸಿಯ ಕುಟುಂಬಕ್ಕೇ ಸೇರಿದ ಹಿಪ್ಟಿಸ್ ಎಂಬ ಘಾಟುವಾಸನೆಯ ಗಿಡದ ಮೇಲೆ ಈಕ್ಯಾಂತಸ್ ಹೆನ್ರಿಯೈ ಎಂಬ ಕೃಶಾಂಗಿಯಾದ ಮರಚಿಮ್ಮಂಡೆ ವಾಸಿಸುತ್ತದೆ. ಹಾಡುವುದು ಗಂಡು, ಮೌನವಾಗಿ ಅರಸಿ ಬರುವುದು ಹೆಣ್ಣು. ಗಂಡು ಮುಂದಿನ ರೆಕ್ಕೆಗಳನ್ನು ನೆಟ್ಟಗೆ ಎತ್ತಿ, ಒಂದಕ್ಕೊಂದು ಉಜ್ಜಿ ನಾದವನ್ನು ಹೊರಡಿಸುತ್ತದೆ. ಇಲ್ಲಿಯೇ ತೊಡಕು. ರೆಕ್ಕೆ ಬಲು ಕಿರಿದು. ಅದು ಎಬ್ಬಿಸುವ ಶಬ್ದದ ಅಲೆಯ ಉದ್ದವಾದರೋ 10 ಸೆಂಟಿಮೀಟರಿನ ಆಸುಪಾಸು. ರೆಕ್ಕೆಯ ಮುಂದೆ ಗಾಳಿ ಒತ್ತಿದಾಗ ಹಿಂದೆ ಸಡಿಲುವುದರಿಂದ, ಎರಡೂ ಅಲೆಗಳು ಅಂಚನ್ನು ಬಳಸಿ ಬಂದು ಪರಸ್ಪರ ಅಳಿಸಿಹಾಕುತ್ತವೆ. ಒಡ್ಡು ಗಿಡ್ಡವಾದರೆ ನೀರು ಅದರ ಕೊನೆಯನ್ನು ಸುತ್ತಿ ಹರಿದುಹೋಗುವಂತೆ ನಾದದ ಬಹುಪಾಲು ವ್ಯರ್ಥವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಕೆಲವು ಗಂಡುಗಳು ಎಲೆಯ ನಡುಭಾಗದಲ್ಲಿ, ನಡುನರದ ಪಕ್ಕಕ್ಕೆ, ತಮ್ಮ ರೆಕ್ಕೆಯ ಅಳತೆಗೆ ಹೊಂದುವ ರಂಧ್ರವೊಂದನ್ನು ಕೊರೆದು, ತಲೆಯನ್ನೂ ಮುಂಗಾಲುಗಳನ್ನೂ ಅದರೊಳಗೆ ತೂರಿಸಿ, ರೆಕ್ಕೆಗಳು ಎಲೆಯ ಮೈಗೆ ಸಮನಾಗಿ ಹರಡುವಂತೆ ನಿಂತು ಹಾಡುತ್ತವೆ. ಅಂಚು ವಿಸ್ತರಿಸಿದಂತಾಗಿ ಧ್ವನಿ ಬಲಿಯುತ್ತದೆ. ದಕ್ಷಿಣ ಆಫ್ರಿಕದ ಸೋದರಜಾತಿಯೊಂದರಲ್ಲಿ ಈ ಕೌಶಲ ಕಂಡುಬಂದುದನ್ನು 1975ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತ್ತು. ನತಾಶಾ ಮ್ಹಾತ್ರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮೊದಲಾದವರು 2017ರಲ್ಲಿ ಪ್ರಕಟಿಸಿದ ಶೋಧನೆಯಿಂದ ಇನ್ನೂ ಬೆರಗಿನ ಸಂಗತಿ ತಿಳಿಯಿತು: ಆಯ್ಕೆಗೆ ಅವಕಾಶವಿತ್ತಾಗ ಈ ಕೀಟ ದೊಡ್ಡ ಎಲೆಯನ್ನೇ ಆರಿಸಿ, ಒಂದೇ ಪ್ರಯತ್ನದಲ್ಲಿ, ಗಣಿತದ ಲೆಕ್ಕ ತೋರಿಸುವ ಅತ್ಯುತ್ತಮ ವಿನ್ಯಾಸಕ್ಕೆ ತೀರ ಸಮೀಪವಾದುದನ್ನು ರಚಿಸುತ್ತದೆ. ಯಾರಿಂದಲೂ ಕಲಿತುದಲ್ಲ, ಹುಟ್ಟಿನಿಂದ ಬಂದ ಸೂತ್ರ.

ಎಲ್ಲ ಗಂಡುಗಳೂ ಈ ಶ್ರಮಕ್ಕೆ ಕೈಹಾಕುವುದಿಲ್ಲ. ರಿತ್ತಿಕ್ ದೇಬ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ, ಎಲೆಯ ಮೊರೆಹೋಗುವವು ಹೆಚ್ಚಾಗಿ ಗಾತ್ರದಲ್ಲಿ ಚಿಕ್ಕವೂ ಕಂಠದಲ್ಲಿ ಕ್ಷೀಣವೂ ಆದ ಗಂಡುಗಳು. ಗಟ್ಟಿಧ್ವನಿಗೆ ಒಲಿಯುವ ಹೆಣ್ಣು ಎಲೆಯಿಂದ ಬಂದ ಬಲವನ್ನು ದೇಹಬಲದಿಂದ ಬೇರ್ಪಡಿಸಲಾರದೆ, ಅವುಗಳ ಬಳಿಗೂ ಬರುತ್ತದೆ. ಹೆಚ್ಚು ಹೊತ್ತು ಕೂಡಿಯೂ ಇರುತ್ತದೆ. ಸಂಶೋಧಕರು ಇದನ್ನು ವಂಚನೆಯೆಂದು ಕರೆದಿದ್ದಾರೆ. ನನಗೆ ಮಾತ್ರ ಆ ಕಠಿಣಪದವನ್ನಾಡಲು ಮನಸ್ಸಾಗದು. ಪ್ರಕೃತಿ ಅಲ್ಪವನ್ನಿತ್ತ ಜೀವಿಯೊಂದು ಕೈಗೆಟುಕುವ ಎಲೆಯಿಂದ ಕೊರತೆಯನ್ನು ತುಂಬಿಕೊಂಡರೆ ಅದನ್ನು ಜಾಣ್ಮೆಯೆನ್ನಬೇಕು.

ಆದರೂ ಆ ಗಿಡ ಗಾಯಕನೊಬ್ಬನ ಸ್ವತ್ತಲ್ಲ. ಅದೇ ರೆಂಬೆಗಳಲ್ಲಿ ಹಸಿರು ಲಿಂಕ್ಸ್ ಜೇಡ ಬಲೆ ನೇಯದೆ ಹೊಂಚುಹಾಕಿ, ಹಾಡುವ ಗಂಡನ್ನೂ, ನಾದವನ್ನು ಹಿಂಬಾಲಿಸಿ ಎಲೆಯಿಂದೆಲೆಗೆ ನಡೆದುಬರುವ ಹೆಣ್ಣನ್ನೂ ಹಿಡಿದು ತಿನ್ನುತ್ತದೆ.