ಪಾಸ್‌ಪೋರ್ಟಿನಿಂದ ಅಳೆಯುವ ಯೋಗ್ಯತೆ



ಕೊಲ್ಲಿ ನಾಡುಗಳಲ್ಲಿ ದುಡಿಯುವ ನಮ್ಮವರಲ್ಲಿ ಒಂದು ಮಾತು ಬಹುಕಾಲದಿಂದ ರೂಢಿಯಲ್ಲಿದೆ: ಇಲ್ಲಿ ಸಂಬಳವನ್ನು ನಿರ್ಧರಿಸುವುದು ವಿದ್ಯೆಯಲ್ಲ, ಪಾಸ್‌ಪೋರ್ಟು. ಪದವಿ ಒಂದೇ, ಕೆಲಸವೂ ಒಂದೇ. ಆದರೂ ಬ್ರಿಟಿಷ್ ಇಂಜಿನಿಯರನಿಗೆ ಒಂದು ವೇತನ, ಮಂಗಳೂರಿನವನಿಗೆ ಇನ್ನೊಂದು. ಅದೇ ಮಂಗಳೂರಿನವನು ಕೆನಡಾದ ಪೌರನಾಗಿ ಮರಳಿದರೆ ಅವನ ಬೆಲೆಯೂ ಏರುವುದುಂಟು. ಇದು ಅರಬರ ಸ್ವಭಾವವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಬಿಳಿಯನನ್ನು ಮೇಲಿಟ್ಟು ಉಳಿದವರನ್ನು ಅಳೆಯುವ ಈ ಏಣಿಯನ್ನು ಅಲ್ಲಿ ನಿಲ್ಲಿಸಿದವರು ಯಾರು?

1947ರವರೆಗೆ ಕೊಲ್ಲಿಯ ಬ್ರಿಟಿಷ್ ರೆಸಿಡೆಂಟರು ಭಾರತ ಸರ್ಕಾರದ ಅಧೀನದಲ್ಲಿದ್ದರು. ಅಲ್ಲಿನ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ. ಬಹರೈನಿನಲ್ಲಿ 1932ರಲ್ಲಿ, ಕುವೈತ್ ಹಾಗೂ ಸೌದಿ ಅರೇಬಿಯಾಗಳಲ್ಲಿ 1938ರಲ್ಲಿ ತೈಲ ದೊರೆಯಿತು. ತೈಲ ಕಂಪನಿಗಳು ಗುಮಾಸ್ತರನ್ನೂ ಕುಶಲಕರ್ಮಿಗಳನ್ನೂ ಭಾರತದಿಂದ ಕರೆಸಿಕೊಂಡವು.

1940ರ ದಶಕದ ಕೊನೆಯಲ್ಲಿ ಕುವೈತಿನಲ್ಲಿ ತಲೆಯೆತ್ತಿದ ಅಹ್ಮದಿ ನಗರವನ್ನು ನೋಡಿ. ಉತ್ತರಕ್ಕೆ ಹಿರಿಯ ಬಿಳಿಯ ಅಧಿಕಾರಿಗಳ ತೋಟವುಳ್ಳ ಬಂಗಲೆಗಳು, ನಡುವೆ ಭಾರತ-ಪಾಕಿಸ್ತಾನಗಳ ನೌಕರರ ಮನೆಗಳು, ದಕ್ಷಿಣಕ್ಕೆ ಅರಬ ಕಾರ್ಮಿಕರ ವಸತಿ. ಆ ನೆಲದ ಮಕ್ಕಳಿಗೇ ಕಡೆಯ ಮೆಟ್ಟಿಲು! ನಗರದ ವಿನ್ಯಾಸಕಾರ ವಿಲ್ಸನ್ ಹಿಂದೆ ನವದೆಹಲಿಯಲ್ಲಿ ಲಟ್ಯನ್ಸರ ಸಹಾಯಕನಾಗಿದ್ದವನು. ಸೌದಿಯ ದಹ್ರಾನಿನಲ್ಲಿಯೂ ಅಮೆರಿಕನ್ನರ ಬಡಾವಣೆ ಬೇರೆಯೇ ಇತ್ತು. ಇಂತಹ ತಾರತಮ್ಯದಿಂದ ಬೇಸತ್ತ ಅಲ್ಲಿನ ಕಾರ್ಮಿಕರು 1953 ಮತ್ತು 1956ರಲ್ಲಿ ಮುಷ್ಕರ ಹೂಡಿದರು.

1973ರ ನಂತರ ತೈಲದ ಬೆಲೆ ಏರಿತು, ಅರಬರು ಒಡೆಯರಾದರು. ಏಣಿ ಮಾತ್ರ ಬೀಳಲಿಲ್ಲ. ಬಿಳಿಯ ತಜ್ಞ ಮೇಲೆಯೇ ಉಳಿದ. ಕೆಳಗಿನ ಮೆಟ್ಟಿಲುಗಳಿಗೆ ನಮ್ಮವರು ಬಂದರು. ಕೆಲಸಗಾರನ ವಾಸ್ತವ್ಯವನ್ನು ಮಾಲೀಕನ ಕೈಗೊಪ್ಪಿಸುವ ‘ಕಫಾಲಾ’ ಪದ್ಧತಿಯಿಂದ ಬಾಯಿ ತೆರೆದು ಕೇಳುವ ಧೈರ್ಯವೂ ಉಡುಗಿತು. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶವನ್ನು ಕತಾರ್ 2020ರಲ್ಲಿ ನೀಡಿತು. ಸೌದಿ ಅರೇಬಿಯಾ 2021ರಲ್ಲಿ ಕಟ್ಟುಪಾಡುಗಳನ್ನು ಸಡಿಲಿಸಿತು. ಇವು ಸ್ವಾಗತಾರ್ಹ. ಆದರೆ ಮನಸ್ಸಿನೊಳಗಿನ ಏಣಿಯನ್ನು ಕಾನೂನೊಂದೇ ಇಳಿಸಲಾರದು.

ಬಂಧುಗಳೇ, ಆ ಏಣಿ ನಮ್ಮೊಳಗೂ ಇಲ್ಲವೇ? ಅರಬನನ್ನು ಬೆನ್ನ ಹಿಂದೆ ಹಳಿಯುವ ನಾವು ಬಿಳಿಯನೆದುರು ತಾನಾಗಿಯೇ ಎದ್ದು ನಿಲ್ಲುತ್ತೇವೆ. ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಸಂಬಳ ಗೊತ್ತುಮಾಡುವಾಗ ನಾವು ನೋಡುವುದು ಅವಳ ದುಡಿಮೆಯನ್ನೋ, ಅವಳ ದೇಶವನ್ನೋ? ನ್ಯಾಯ ಕೇಳುವ ಮುನ್ನ ಈ ಪ್ರಶ್ನೆಗೆ ನಮ್ಮ ನಮ್ಮ ಮನೆಯಲ್ಲಿ ಉತ್ತರ ಕಂಡುಕೊಳ್ಳೋಣ.